ಮಂಗಳವಾರದ ಜಗಲಿ

ನಮ್ಮ ಕಿರುಸಾಲ ಸಂಸ್ಥೆಯಲ್ಲಿ ನನ್ನ ಕೆಲಸಕ್ಕೆ ‘ಸಾಮಾಜಿಕ ನಿರ್ವಹಣೆ’ ಎಂಬ ದೊಡ್ಡ ಹೆಸರಿದೆ. ನಮ್ಮಿಂದ ಹಳ್ಳಿಮನೆಗಳಿಗೆ ಉಪಕಾರವಾಯಿತೋ ಉಪದ್ರವವಾಯಿತೋ ಎಂದು ನೋಡುವುದಷ್ಟೇ. ಚಿಂತೆ ಮಾಡುವುದಕ್ಕೆ ಸಂಬಳ ಕೊಡುವವರು ಬೇರೆಲ್ಲೂ ಇಲ್ಲ ಎನ್ನುತ್ತಾಳೆ ನನ್ನ ಹೆಂಡತಿ. ಸಂಬಳವಿಲ್ಲದಾಗಲೂ ನಾನು ಅದನ್ನೇ ಮಾಡುತ್ತಿದ್ದೆ.

ದೇಲಂಪಾಡಿ ಕಡೆಯಲ್ಲಿ ಸಾಲ ಪಡೆದ ಹೆಂಗಸರ ಒಂದು ಗುಂಪಿನ ಸಭೆ ಪ್ರತಿ ಮಂಗಳವಾರ ಬೆಳಿಗ್ಗೆ ಬಸ್‌ಸ್ಟಾಪಿನ ಹತ್ತಿರದ ಒಂದೇ ಮನೆಯ ಜಗಲಿಯಲ್ಲಿ. ಎಲ್ಲರೂ ಬರುತ್ತಿದ್ದರು, ವರ್ಷಗಳಿಂದ ಒಂದೂ ದೂರಿಲ್ಲ. ಹೆಂಗಸರು ಇಷ್ಟು ಸುಖವಾಗಿರುವುದು ಸಾಧ್ಯವೇ ಎಂಬ ಹುಳ ತಲೆಗೆ ಹೊಕ್ಕು, ಸಭೆಯಿಲ್ಲದ ದಿನ ಒಬ್ಬನೇ ಆ ಮನೆಗೆ ಹೋದೆ.

ಜಗಲಿಯ ಮಂಚದಲ್ಲಿ ಆ ಮನೆಯ ಸದಸ್ಯೆಯ ಗಂಡ ಮಲಗಿದ್ದರು. ಪಕ್ಷವಾತ. ನನ್ನನ್ನು ಕಂಡದ್ದೇ ಮುಖಕ್ಕೆ ಹೊದಿಕೆ ಎಳೆದುಕೊಂಡರು. ಹೀಗೆ ಬಿದ್ದಿರುವುದನ್ನು ಊರಿನ ಹೆಂಗಸರು ನೋಡಬಾರದೆಂದು ಅವರ ಹಟವಂತೆ. ಅದಕ್ಕೆ ಪ್ರತಿ ಮಂಗಳವಾರ ಬೆಳಗಾಗುವ ಮೊದಲೇ ಆಕೆ ಅವರನ್ನು ಎತ್ತಿ, ಒಲೆಯ ಹೊಗೆ ತುಂಬಿದ ಅಡುಗೆಕೋಣೆಗೆ ಸಾಗಿಸುವುದು. ನಾವು ಹೊರಗೆ ಕಂತು ಕಟ್ಟುವ ಶಿಸ್ತಿನ ಬಗ್ಗೆ ಮಾತಾಡುತ್ತಿದ್ದಾಗ ಅವರು ಒಳಗೆ ಕೆಮ್ಮು ತಡೆದುಕೊಂಡಿರುತ್ತಿದ್ದರು.

“ಜಗಲಿಗೆ ಬರುವವರನ್ನು ಬರಬೇಡಿ ಅಂತ ಹೇಳ್ಲಿಕ್ಕೆ ಉಂಟಾ ಸಾರ್? ಇನ್ನು ಇಲ್ಲಿ ಸಭೆ ಬೇಡ, ಆಫೀಸಿನ ರೂಲ್ ಅಂತ ನೀವೇ ಹೇಳಿ. ನನ್ನ ಹೆಸರು ಮಾತ್ರ ಹೇಳ್ಬೇಡಿ,” ಎಂದಳು ಆಕೆ.

ಅಂಥ ರೂಲ್ ಇರಲಿಲ್ಲ. ನಾನೇ ಒಂದು ಮಾಡಿದೆ: ಇನ್ನು ಸಭೆ ಸರದಿಯಂತೆ ಎಲ್ಲರ ಮನೆಯಲ್ಲಿ. ಸದಸ್ಯರ ಸಂತೃಪ್ತಿ ಇಳಿದರೆ ನೀನೇ ಉತ್ತರ ಕೊಡು ಎಂದರು ಮ್ಯಾನೇಜರು.

ಇಳಿಯಿತು. ಆ ಜಗಲಿಯ ಸಭೆಯಲ್ಲೇ ಇದನ್ನು ತಿಳಿಸಿದಾಗ, ಗುಡ್ಡ ಹತ್ತುವವರ ಕಷ್ಟ ಆಫೀಸಿನವರಿಗೆ ಎಂತ ಗೊತ್ತು ಎಂದು ಹಿರಿಯ ಸದಸ್ಯೆ ಗೊಣಗಿದರು. “ಒಂದು ವಾರ ನಿಮ್ಮ ಮನೆಯಲ್ಲೂ ಇಡುವ ಸಾರ್, ಚಾ ನೀವೇ ಮಾಡಿ,” ಎಂದಳು ಇನ್ನೊಬ್ಬಳು. ಎಲ್ಲರಿಗಿಂತ ಜೋರು ದನಿ ಜಗಲಿಯ ಮನೆಯವಳದ್ದೇ: “ನನ್ನ ಜಗಲಿಗೆ ಎಂತ ಆಗಿದೆ ಮಾರಾಯ್ರೆ? ಇಷ್ಟು ವರ್ಷ ಇಲ್ಲದ ರೂಲ್ ಈಗ ಎಲ್ಲಿಂದ ಬಂತು?”

ಆಕೆಯ ಮನಸ್ಸು ಬದಲಾಯಿತೋ ಏನೋ ಎಂದು ನಾನು ನಿಜವಾಗಿಯೂ ಹೆದರಿದೆ. ಆಕೆ ನನ್ನ ಮುಖ ನೋಡದೆ ಲೋಟಗಳಿಗೆ ಚಾ ಹೊಯ್ಯುತ್ತಿದ್ದಳು.

ಮುಂದಿನ ಮಂಗಳವಾರ ಗುಡ್ಡದ ಮೇಲಿನ ಮನೆ. ಏದುಸಿರು ಬಿಡುತ್ತ ತಲುಪಿದಾಗ ಯಾರೂ ನನಗೆ ಚಾಪೆಯಲ್ಲಿ ಜಾಗ ಬಿಡಲಿಲ್ಲ. ಕೊನೆಗೆ ಬಂದವಳು ಆಕೆ. ತಡವಾದದ್ದಕ್ಕೆ ಹಿರಿಯಾಕೆ ಚುಚ್ಚಿದರು. ಆಕೆ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು, “ಅವರಿಗೆ ಜಗಲಿಯಲ್ಲೇ ಗಂಜಿ ಕೊಟ್ಟು ಬಂದೆ,” ಎಂದು ಕೂತಳು.