ಜನರ ಕಡೆ ಮುಖ ಮಾಡಿ ಕೂತ ಮೋತಿ

ಹೋದ ಭಾನುವಾರ ಸಂಜೆ ನಮ್ಮ ರಾಜಾಜಿನಗರದಲ್ಲಿ ಒಬ್ಬ ಕಳ್ಳ ಸಿಕ್ಕಿಬಿದ್ದ. ಹಾಗಂತ ಬೀದಿಗೆ ಬೀದಿಯೇ ನಂಬಿತ್ತು.

ನಮ್ಮ ಎಕ್ಸ್‌ಟೆನ್ಷನ್ ನಿಮಗೆ ಗೊತ್ತಲ್ಲ? ಅರ್ಧ ಮನೆ, ಅರ್ಧ ಬಯಲು. ಹಿತ್ತಿಲಲ್ಲಿಟ್ಟ ಪಾತ್ರೆ ಬೆಳಗಾಗುವಷ್ಟರಲ್ಲಿ ಮಾಯ. ಅದಕ್ಕೇ ಮುನಿಸಿಪಾಲಿಟಿಯವರು ಈಚೆಗೆ ಗಸ್ತಿಗೆ ಒಂದು ನಾಯಿ ಕೊಟ್ಟಿದ್ದಾರೆ. ಆಲ್ಸೇಷನ್ ಹೆಣ್ಣು ನಾಯಿ, ಹೆಸರು ಮೋತಿ. ಅದನ್ನು ಹಿಡಿದು ತಿರುಗುವವರು ದಫೇದಾರ್ ನಂಜಪ್ಪ. (ಮೊದಮೊದಲು ನನ್ನ ಹೆಂಡತಿ ಹೆದರಿ ಗೇಟಿನಿಂದಾಚೆ ಬರುತ್ತಿರಲಿಲ್ಲ. ಈಗ ನಂಜಪ್ಪನವರಿಗಿಂತ ಮೊದಲು ಮೋತಿಯನ್ನೇ ಮಾತಾಡಿಸುತ್ತಾಳೆ.)

ಅವತ್ತು ತರಕಾರಿ ಚೀಲ ಹಿಡಿದು ಬರ್ತಾ ಇದ್ದೆ. ತಿರುವಿನಲ್ಲಿ ಗುಂಪು. ನಡುವೆ ಒಬ್ಬ ಮುದುಕ, ತಾಮ್ರದ ಹಂಡೆಯನ್ನು ಎದೆಗೆ ಅವುಚಿಕೊಂಡು ನೆಲದ ಮೇಲೆ ಕೂತಿದ್ದ. ಹಣೆಯಲ್ಲಿ ರಕ್ತ.

ಪಕ್ಕದ ಮನೆಯ ರಂಗರಾಯರು, ರಿಟೈರಾದ ಹೆಡ್ ಕ್ಲಾರ್ಕು, ಕೊಡೆ ಎತ್ತಿ ಹಿಡಿದಿದ್ದರು. "ಮನೆಮನೆ ಇಣುಕ್ತಿದ್ದ ಕಣ್ರೀ. ಕೂಗಿದ್ರೆ ಓಡಿದ. ಮೊನ್ನೆ ನಮ್ಮ ಹಂಡೆ ಹೋಗಿದ್ದೂ ಇವನಿಂದಲೇ."

"ಇದು ನಿಮ್ಮ ಹಂಡೆಯೇನು?" ಅಂದೆ.

"ನಮ್ಮದಲ್ಲದಿದ್ರೆ ಇನ್ಯಾರದೋ ಕದ್ದಿರ್ತಾನೆ."

ಹೊಡೆಯಬೇಡಿ ಅಂದೆ. ಗುಂಪಿನಲ್ಲಿ ಒಬ್ಬನ ಮಾತು ಯಾರು ಕೇಳ್ತಾರೆ? ಯಾರೋ ಒಬ್ಬ ಕೋಲು ಹಿಡಿದು ಮುಂದೆ ಬಂದ.

ಅಷ್ಟರಲ್ಲಿ ನಂಜಪ್ಪ ಮೋತಿಯೊಂದಿಗೆ ಬಂದರು. ಜನ ಖುಷಿಯಿಂದ ದಾರಿ ಬಿಟ್ಟರು. ನಾಯಿ ಇನ್ನೇನು ಮೇಲೆ ಬೀಳುತ್ತೆ ಅಂತ ಮುದುಕ ಕಣ್ಣು ಮುಚ್ಚಿಕೊಂಡ.

ನಂಜಪ್ಪ ಮೆಲ್ಲಗೆ ಏನೋ ಹೇಳಿದರು. ಮೋತಿ ಹೋಗಿ ಮುದುಕನ ಮುಂದೆ ಕೂತಿತು. ಅವನಿಗೆ ಬೆನ್ನು, ನಮಗೆ ಮುಖ.

ಕೋಲಿನವನು ಒಂದು ಹೆಜ್ಜೆ ಇಟ್ಟ. ಮೋತಿ ಬೊಗಳಲಿಲ್ಲ. ಎದ್ದು ನಿಂತು ಗಂಟಲಲ್ಲೇ ಗುರ್ ಅಂದಿತು. ಅವನು ಹಿಂದೆ ಸರಿದ.

"ಸ್ವಾಮಿ, ಕೋಲು ಕೆಳಗಿಡಿ" ಅಂದರು ನಂಜಪ್ಪ. "ಕಳ್ಳನಾದ್ರೆ ಸ್ಟೇಷನ್ನಿಗೆ ನಾನು ಕರ್ಕೊಂಡು ಹೋಗ್ತೀನಿ. ಯಜಮಾನ್ರೇ, ಯಾವೂರು ನಿಮ್ಮದು?"

"ಕೆಂಗೇರಿ ಕಡೆ, ಬುದ್ಧಿ. ಕೆಂಪಯ್ಯ ಅಂತಾರೆ. ಮಗಳು ನಿಂಗಮ್ಮನ ಮನೆ ಹುಡುಕ್ತಿದ್ದೆ. ಅಳಿಯ ಮಿಲ್ಲಲ್ಲಿ ಕೆಲಸ. ಇಲ್ಲಿ ಎಲ್ಲಾ ಮನೇನೂ ಒಂದೇ ಥರ ಅವೆ. ಕೂಸಿಗೆ ನೀರು ಕಾಯ್ಸಕ್ಕೆ ಅಂತ ಹಂಡೆ ತಂದೆ."

"ಮತ್ತೆ ಓಡಿದ್ದು ಯಾಕೆ?"

"ಅಷ್ಟು ಜನ ಅಟ್ಟಿಸ್ಕೊಂಡು ಬಂದ್ರೆ ಏನ್ ಮಾಡ್ಲಿ?"

ಮಿಲ್ಲಿನವರ ಮನೆಗಳು ಹಿಂದಿನ ಸಾಲಿನಲ್ಲೇ ಇವೆ. ನಾನೇ ಹೋಗಿ ಬಾಗಿಲು ತಟ್ಟಿ ವಿಚಾರಿಸಿದೆ. ನಿಂಗಮ್ಮ ಸಿಕ್ಕಳು. ಕೂಸು ಎತ್ತಿಕೊಂಡೇ ಓಡಿಬಂದಳು.

"ಅಪ್ಪಾ, ಯಾರು ಹೊಡೆದ್ರು ನಿಂಗೆ?"

ನೋಡನೋಡುತ್ತಲೇ ಗುಂಪು ಕರಗಿತು. ರಂಗರಾಯರು ಮಾತ್ರ ನಿಂತಿದ್ದರು. (ಆ ಮಟ್ಟಿಗೆ ದೊಡ್ಡವರು.) ಮನೆಗೆ ಹೋಗಿ ಟವಲ್ ಒದ್ದೆ ಮಾಡಿಕೊಂಡು ಬಂದು, "ತಪ್ಪಾಯ್ತು ಕಣಪ್ಪ" ಅಂತ ಕೆಂಪಯ್ಯನ ಹಣೆ ಒರೆಸಿದರು.

ಕೆಂಪಯ್ಯ ಎದ್ದು ಮೋತಿಗೆ ಕೈ ಮುಗಿದ. ಮೋತಿ ಆ ಕಡೆ ನೋಡಲೂ ಇಲ್ಲ. ನಂಜಪ್ಪನವರ ಅಪ್ಪಣೆ ಆಗುವವರೆಗೆ ಕೂತ ಜಾಗ ಬಿಡಲಿಲ್ಲ. ಎಷ್ಟು ಮಂದಿ ಅಧಿಕಾರಿಗಳಲ್ಲಿ ಇಂಥ ಶಿಸ್ತು ನೋಡಿದ್ದೀರಿ?

ಆಮೇಲೆ ನಂಜಪ್ಪನವರನ್ನು ಕೇಳಿದೆ. "ಹೀಗೆ ಜನರ ಕಡೆ ತಿರುಗಿ ಕೂರೋದನ್ನ ಯಾಕೆ ಕಲಿಸಿದ್ರಿ?"

"ಸಿಕ್ಕಿಬಿದ್ದವನು ಒಬ್ಬನೇ ಇರ್ತಾನೆ ಸಾರ್. ಹೊಡೆಯೋರು ಬಹಳ ಜನ" ಅಂದರು.

ಗಸ್ತಿಗೆ ಇನ್ನೊಂದು ನಾಯಿ ಕೊಡಿ ಅಂತ ಮುನಿಸಿಪಾಲಿಟಿಯವರನ್ನು ಕೇಳೋಣ ಅಂತಿದ್ದಾರೆ ನಮ್ಮ ಬೀದಿಯವರು. ಕೇಳೋಣ, ನಾನೂ ಬರ್ತೀನಿ. ಆದರೆ ಅದು ಕಣ್ಣಿಡಬೇಕಾದ್ದು ಯಾರ ಮೇಲೆ? ಕಳ್ಳರ ಮೇಲೋ, ನಮ್ಮ ಮೇಲೋ?