ಸಬ್ಜೆಕ್ಟ್ ಬರೆದವಳು

ನಮ್ಮ ಸಾರ್‌ಗೆ ಆ ವರ್ಷ ಒಂದು ರೋಗ ತಗುಲಿಕೊಂಡಿತು. ಅದರ ಹೆಸರು ಲಿಸ್ಟ್. ಒಂದು ಭಾನುವಾರ ಯಾವುದೋ ದೊಡ್ಡ ಹೋಟೆಲಿನ ಎ.ಸಿ. ಹಾಲಿನಲ್ಲಿ ಇಡೀ ದಿನ ಕೂತು, ಮಧ್ಯಾಹ್ನ ಬಫೆ ಊಟ ಹೊಡೆದು, ವ್ಯಾಪಾರ ಬೆಳೆಸುವುದು ಹೇಗೆ ಎಂದು ಕಲಿತು ಬಂದಿದ್ದರು. ಸೋಮವಾರ ಬೆಳಿಗ್ಗೆ ಆಫೀಸಿಗೆ ಬಂದಾಗಲೂ ಅಲ್ಲಿ ಕೊಟ್ಟ ಬ್ಯಾಡ್ಜು ಕುತ್ತಿಗೆಯಲ್ಲಿ ನೇತಾಡುತ್ತಿತ್ತು. "ಮೇಡಂ, ಇನ್ಮೇಲೆ ನಮ್ಮ ಆಸ್ತಿ ಸ್ಟೂಡೆಂಟ್ಸ್ ಅಲ್ಲ. ಇ-ಮೇಲ್ ಲಿಸ್ಟು. ಲಿಸ್ಟ್ ಬೆಳೀಬೇಕು," ಎಂದರು. ನನ್ನ ಎದುರಿನ ಬೆಂಚಿನಲ್ಲಿ ಫೀಸು ಕಟ್ಟಲು ಬಂದ ನಾಲ್ವರು ಸ್ಟೂಡೆಂಟ್‌ಗಳು ಕೂತಿದ್ದರು. ಅವರ ಮುಂದೆಯೇ ಹೇಳಿದರು.

ವಿಜಯನಗರದ ಬಸ್ ನಿಲ್ದಾಣದ ಹತ್ತಿರ, ಚಪ್ಪಲಿ ಅಂಗಡಿಯೊಂದರ ಮೇಲಿನ ಎರಡನೇ ಮಹಡಿಯಲ್ಲಿ ನಮ್ಮ ಕೋಚಿಂಗ್ ಸೆಂಟರ್ ಇತ್ತು. ಬ್ಯಾಂಕ್ ಪರೀಕ್ಷೆ, ಗುಮಾಸ್ತೆ ಪರೀಕ್ಷೆ, ಇಂಥವುಗಳಿಗೆ ಪಾಠ. ನಾನು ಇಂಗ್ಲಿಷ್ ವ್ಯಾಕರಣ ಹೇಳಿಕೊಡುತ್ತಿದ್ದೆ. ಹೇಳಿಕೊಡದ ಹೊತ್ತಿನಲ್ಲಿ ಫೋನ್ ಎತ್ತುವುದು, ಜೆರಾಕ್ಸ್ ಮಾಡಿಸುವುದು, ಸಾರ್ ಅವರ ಕನಸುಗಳಿಗೆ ಕೈಕಾಲು ಜೋಡಿಸುವುದು ಎಲ್ಲ ನನ್ನದೇ. ಬಿ.ಎಡ್. ಮಾಡಿದವಳು ನಾನು. ಇವತ್ತು ನೆನೆಸಿಕೊಂಡರೆ ನನ್ನ ಮೇಲೇ ಸಿಟ್ಟು ಬರುತ್ತದೆ. ಒಂದು ದಿನವಾದರೂ "ಇದು ನನ್ನ ಕೆಲಸ ಅಲ್ಲ ಸಾರ್" ಎನ್ನಲಿಲ್ಲ.

ಹುಡುಗ ಹುಡುಗಿಯರೆಲ್ಲ ಅದುವರೆಗೆ ಒಬ್ಬರಿಗೊಬ್ಬರು ಸ್ಕ್ರ್ಯಾಪ್ ಎಂಬ ಚುಟುಕು ಸಂದೇಶ ಬರೆದುಕೊಳ್ಳುತ್ತಿದ್ದ ಇಂಟರ್‌ನೆಟ್ ತಾಣದಿಂದ ಎದ್ದು ಹೊಸದೊಂದು ತಾಣಕ್ಕೆ ಗುಳೆ ಹೋಗುತ್ತಿದ್ದ ಕಾಲ ಅದು. ಆ ಹೊಸ ತಾಣದ ಬಲಗಡೆಯ ಅಂಚಿನಲ್ಲಿ, ದುಡ್ಡು ಕೊಟ್ಟವರ ಜಾಹೀರಾತು ಬೆಂಕಿಪೊಟ್ಟಣದಷ್ಟು ಗಾತ್ರದಲ್ಲಿ ಕಾಣಿಸುತ್ತಿತ್ತು. ಯಾರಾದರೂ ಅದನ್ನು ಒತ್ತಿದರೆ ಸಾರ್ ಕಾರ್ಡಿನಿಂದ ದುಡ್ಡು ಹೋಗುತ್ತಿತ್ತು. ಒತ್ತಿದವರು ಹೆಸರು, ಇ-ಮೇಲ್ ವಿಳಾಸ ತುಂಬಿದರೆ ನಮ್ಮ ಲಿಸ್ಟಿಗೆ ಸೇರುತ್ತಿದ್ದರು. ಊರು ಯಾವುದು, ವಯಸ್ಸು ಎಷ್ಟರಿಂದ ಎಷ್ಟು ಎಂದು ನಾವೇ ಆರಿಸಬಹುದಿತ್ತು. ಸಾರ್ ಕನ್ನಡಕ ಏರಿಸಿ, ಸಂತೆಯಲ್ಲಿ ಬದನೆಕಾಯಿ ಆರಿಸುವವರ ಹಾಗೆ ಒಂದೊಂದನ್ನೂ ತಿರುಗಿಸಿ ನೋಡಿ ಆರಿಸಿದರು. ಫೈಲು ಹಿಡಿದು ಹಲ್ಲು ಬಿಟ್ಟಿದ್ದ ಯಾವುದೋ ದೇಶದ ಹುಡುಗಿಯ ಚಿತ್ರ. ಪಕ್ಕದಲ್ಲಿ "ಬ್ಯಾಂಕ್ ಕೆಲಸ ಬೇಕೇ? ಪ್ರಶ್ನೆಪತ್ರಿಕೆ ಉಚಿತ" ಎಂಬ ಸಾಲು. ಆ ಹುಡುಗಿ ಜನ್ಮದಲ್ಲಿ ಬ್ಯಾಂಕ್ ಪರೀಕ್ಷೆ ಬರೆದಿರಲಿಕ್ಕಿಲ್ಲ.

ಜನ ಒತ್ತುತ್ತಿದ್ದರು, ವಿಳಾಸ ತುಂಬುತ್ತಿರಲಿಲ್ಲ. ದುಡ್ಡು ಹೋಗುತ್ತಿತ್ತು, ಲಿಸ್ಟ್ ಬೆಳೆಯುತ್ತಿರಲಿಲ್ಲ. ಸಾರ್ ಮುಖ ದಿನದಿಂದ ದಿನಕ್ಕೆ ಹುಳಿಯಾಗುತ್ತ ಬಂತು. ಕೊನೆಗೆ ಅವರೇ ಒಂದು ಉಪಾಯ ಹುಡುಕಿದರು. ಐವತ್ತು ಜನರ ವಿಳಾಸ ಸೇರಿಸಿದವರಿಗೆ ಒಂದು ಪೆನ್‌ಡ್ರೈವ್ ಉಚಿತ. ಆಗ ಪೆನ್‌ಡ್ರೈವ್ ಎಂದರೆ ಕೈಗೆ ಕಟ್ಟಿಕೊಂಡು ತೋರಿಸುವ ವಸ್ತು. ಜಾಹೀರಾತು ಬದಲಾಯಿಸಿದ ಹದಿನೈದು ದಿನಕ್ಕೇ ಲಿಸ್ಟ್ ಉಬ್ಬಿಕೊಂಡಿತು.

ಪೆನ್‌ಡ್ರೈವ್ ತೆಗೆದುಕೊಳ್ಳಲು ಬಂದವನು ಕಾಲೇಜು ಹುಡುಗನಾಗಿರಲಿಲ್ಲ. ಐವತ್ತು ದಾಟಿದ ದಪ್ಪ ಆಸಾಮಿ. ಹೇರೋಹಳ್ಳಿಯ ಹಳೇ ಕುಳ. ಅವರಪ್ಪ ರಾಗಿ ಬೆಳೆಯುತ್ತಿದ್ದ ಜಾಗ ಸೈಟುಗಳಾಗಿ, ಮಿಕ್ಕ ಒಂದು ಸೈಟಿನಲ್ಲಿ ಮೂರಂತಸ್ತು ಕಟ್ಟಿಸಿ, ಕೆಳಗಡೆ ಸೈಬರ್ ಸೆಂಟರ್ ಇಟ್ಟಿದ್ದ. ಒಂದಲ್ಲ, ಮೂರು ಪೆನ್‌ಡ್ರೈವ್ ಬಾಚಿಕೊಂಡ. "ನಮ್ಮ ಏರಿಯಾ ಹುಡುಗ್ರಿಗೆ ಓದೋ ಆಸೆ ಜಾಸ್ತಿ ಮೇಡಂ," ಎಂದು ನನ್ನ ಕಡೆ ನೋಡಿ ನಕ್ಕ. ಆ ನಗು ನನಗೆ ಅವತ್ತೇ ಹಿಡಿಸಲಿಲ್ಲ.

ಅವನು ಹೋದ ಮೇಲೆ ಲಿಸ್ಟ್ ತೆಗೆದು ನೋಡಿದೆ. ನೂರೈವತ್ತು ವಿಳಾಸಗಳ ಬಾಲದಲ್ಲೂ ಒಂದೇ ಮೂರು ಅಂಕಿ. ಎಲ್ಲವೂ ಒಂದೇ ಕೈಯಲ್ಲಿ ಹುಟ್ಟಿದ ಮಕ್ಕಳು. ಸಾರ್‌ಗೆ ತೋರಿಸಿದೆ. "ವಿಳಾಸ ಇದ್ಯೋ ಇಲ್ವೋ? ಮೇಲ್ ಹೋಗುತ್ತೋ ಇಲ್ವೋ? ಸಾಕು ಬಿಡಿ ಮೇಡಂ," ಎಂದರು. ಬಿಟ್ಟೆ.

ಈಗ ಹೇಳಬೇಕಾದದ್ದು ನನ್ನ ಕೆಲಸ. ಸಾರ್ ದಿನಕ್ಕೆ ಎರಡು, ಒಮ್ಮೊಮ್ಮೆ ಮೂರು ಮೇಲ್ ಕಳಿಸಲು ಹೇಳುತ್ತಿದ್ದರು. ಯಾರೂ ತೆರೆಯುತ್ತಿರಲಿಲ್ಲ. ಎಷ್ಟು ಜನ ತೆರೆದರು ಎಂಬುದು ಮಾರನೆಯ ಬೆಳಿಗ್ಗೆ ಪರದೆಯ ಮೇಲೆ ಬರುತ್ತಿತ್ತು, ಅದನ್ನು ನೋಡಿ ಸಾರ್ ನನ್ನನ್ನು ನೋಡುತ್ತಿದ್ದರು, ನಾನೇ ಬಾಗಿಲು ಹಾಕಿಕೊಂಡು ಕೂತಿದ್ದೇನೆ ಎಂಬಂತೆ. "ಮೇಲ್‌ನ ಸಬ್ಜೆಕ್ಟ್ ಲೈನ್ ಸರಿಯಿಲ್ಲ ಮೇಡಂ. ನೋಡಿದ ತಕ್ಷಣ ಒತ್ತಲೇಬೇಕು ಅನ್ನಿಸ್ಬೇಕು. ನಿಮಗೆ ಇಂಗ್ಲಿಷ್ ಬರುತ್ತಲ್ಲ, ಬರೀರಿ."

ನನಗೆ ಇಂಗ್ಲಿಷ್ ಬರುತ್ತಿತ್ತು. ಬರೆದೆ. ಕೆಲಸಕ್ಕೆ ಅರ್ಜಿ ಹಾಕಿ ಕೂತವರು ಹಗಲೂ ರಾತ್ರಿ ಯಾವ ಮಾತಿಗೆ ಕಾಯುತ್ತಾರೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಾನೂ ಮೂರು ವರ್ಷ ಕಾದವಳೇ. "ನಿಮ್ಮ ಇಂಟರ್‌ವ್ಯೂ ಕಾಲ್ ಲೆಟರ್, ಕೂಡಲೇ ತೆರೆಯಿರಿ" ಎಂದು ಇಂಗ್ಲಿಷಿನಲ್ಲಿ ಸಬ್ಜೆಕ್ಟ್ ಕೊಟ್ಟೆ. ಒಳಗೆ, ಇಂಥ ಪತ್ರ ನಿಮಗೂ ಬರಬೇಕೆಂದರೆ ನಮ್ಮ ಹೊಸ ಬ್ಯಾಚಿಗೆ ಸೇರಿ ಎಂದಿತ್ತು. ಮಾರನೆಯ ದಿನ ಪರದೆಯ ಮೇಲಿನ ಅಂಕಿ ಎಂದೂ ಇಲ್ಲದಷ್ಟು ಮೇಲೇರಿತ್ತು. ಸಾರ್ ಕೆಳಗಿನ ದರ್ಶಿನಿಯಿಂದ ನನಗೊಬ್ಬಳಿಗೇ ಮಸಾಲೆದೋಸೆ ತರಿಸಿದರು. ತಿಂದೆ. ರುಚಿಯಾಗಿತ್ತು. ಆಮೇಲಿನ ಎರಡು ತಿಂಗಳು ಅದೇ ಸಬ್ಜೆಕ್ಟನ್ನು ಅಲ್ಲಿ ಇಲ್ಲಿ ಒಂದೊಂದು ಪದ ಬದಲಿಸಿ ಓಡಿಸಿದೆವು.

ಭಾನುವಾರದ ಬ್ಯಾಚಿನಲ್ಲಿ ಗದಗದ ಕಡೆಯ ಹುಡುಗಿಯೊಬ್ಬಳಿದ್ದಳು. ವಾರದಲ್ಲಿ ಆರು ದಿನ ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲಿಯುತ್ತಿದ್ದಳು, ಏಳನೆಯ ದಿನ ನನ್ನ ಎದುರು ಮೊದಲ ಬೆಂಚಿನಲ್ಲಿ ಕೂರುತ್ತಿದ್ದಳು. ಬಿ.ಕಾಂ. ಮುಗಿಸಿದವಳು. ಹೇರೋಹಳ್ಳಿಯಲ್ಲಿ ಊರಿನ ಮೂವರು ಹುಡುಗಿಯರ ಜೊತೆ ರೂಮು. ತಪ್ಪು ಉತ್ತರ ಹೇಳಿದಾಗ ಅವಳಷ್ಟು ನಾಚಿಕೊಂಡವರನ್ನೂ, ಮುಂದಿನ ವಾರ ಅದೇ ತಪ್ಪು ಮಾಡದವರನ್ನೂ ನಾನು ಬೇರೆ ಕಂಡಿಲ್ಲ. ಒಂದು ಸಹಕಾರಿ ಬ್ಯಾಂಕಿನ ಗುಮಾಸ್ತೆ ಕೆಲಸಕ್ಕೆ ಬರೆದಿದ್ದ ಪರೀಕ್ಷೆಯಲ್ಲಿ ಅವಳು ಪಾಸಾದಳು. ನಮ್ಮ ಸೆಂಟರಿನಿಂದ ಪಾಸಾದವರು ಇಬ್ಬರೇ, ಅವಳೂ ಇನ್ನೊಬ್ಬನೂ. ಉಳಿದದ್ದು ಇಂಟರ್‌ವ್ಯೂ. ಅದರ ಪತ್ರ ಈ ಸಲ ಅಂಚೆಯಲ್ಲಿ ಬರುವುದಿಲ್ಲ, ಇ-ಮೇಲಿಗೇ ಬರುತ್ತದೆ ಎಂದು ಬ್ಯಾಂಕಿನವರು ತಿಳಿಸಿದ್ದರು. ಕೆಲಸ ಸಿಕ್ಕರೆ ಮಿಷನ್ನಿಗೆ ಶರಣು ಹೊಡೆದು ಬರುತ್ತೇನೆ ಎಂದು ಅವಳು ಎಲ್ಲರ ಮುಂದೆ ಹೇಳಿ ನಗಿಸಿದ್ದಳು. ಸಿಗದಿದ್ದರೆ ಊರಿಗೆ ಕರೆಸಿಕೊಂಡು ಮದುವೆ ಮಾಡಲು ಅಪ್ಪ ಗಂಡು ನೋಡಿಟ್ಟಿದ್ದ. ಅದನ್ನು ನನ್ನೊಬ್ಬಳಿಗೇ ಹೇಳಿದ್ದು.

ಪ್ರತಿ ಭಾನುವಾರ ಕೇಳುತ್ತಿದ್ದೆ, ಪತ್ರ ಬಂತಾ ಎಂದು.

"ಇನ್ನೂ ಬಂದಿಲ್ರಿ ಮೇಡಂ. ಸೈಬರ್ ಅಣ್ಣಾರು ದಿನಾ ನೋಡ್ತಾರ್ರಿ. ಬಂದ್ರ ಹೇಳ್ತೀನಿ ಅಂದಾರ."

ಅವರ್‍ಯಾಕೆ ನೋಡುತ್ತಾರೆ, ನೀನೇ ನೋಡಬಾರದಾ ಎಂದು ನಾನು ಕೇಳಲಿಲ್ಲ. ಕೇಳಬೇಕಿತ್ತು.

ಒಂದು ಶನಿವಾರ, ಪಾಸಾಗಿದ್ದ ಆ ಇನ್ನೊಬ್ಬ ಪೇಡಾ ಡಬ್ಬಿ ಹಿಡಿದುಕೊಂಡು ಬಂದ. ಬುಧವಾರ ಇಂಟರ್‌ವ್ಯೂ ಮುಗಿಯಿತಂತೆ, ಚೆನ್ನಾಗಿ ಆಯಿತಂತೆ. ನಾನು ಪೇಡಾ ಕೈಯಲ್ಲಿ ಹಿಡಿದುಕೊಂಡೇ ಬ್ಯಾಂಕಿಗೆ ಫೋನ್ ಮಾಡಿದೆ. ಆ ಕಡೆಯವರು ನೋಡಿ ಹೇಳಿದರು, ಅವಳಿಗೂ ಹದಿನೈದು ದಿನದ ಹಿಂದೆಯೇ ಮೇಲ್ ಹೋಗಿದೆ, ಬರದವರಿಗೆ ಇನ್ನೊಂದು ಅವಕಾಶ ಇಲ್ಲ. ಎಷ್ಟು ಬೇಡಿದರೂ ಅದೇ ಮಾತು. ಕೊನೆಗೆ ಫೋನಿಟ್ಟರು.

ಕೋಪದಲ್ಲಿ ನನಗೆ ಹಿಂದುಮುಂದು ಕಾಣುವುದಿಲ್ಲ. ಅರ್ಧ ದಿನ ರಜೆ ಬರೆದಿಟ್ಟು ಬಸ್ ಹತ್ತಿದೆ. ಹೇರೋಹಳ್ಳಿಯ ಆ ಸೈಬರ್ ಅಣ್ಣ ಎಂದರೆ ಪೆನ್‌ಡ್ರೈವ್ ಬಾಚಿಕೊಂಡವನೇ ಇರಬೇಕು. ಮಾಗಡಿ ರಸ್ತೆಯ ಟ್ರಾಫಿಕ್ಕಿನಲ್ಲಿ ಆ ದಪ್ಪ ಆಸಾಮಿಗೆ ಏನೇನು ಅನ್ನಬೇಕೆಂದು ಜೋಡಿಸಿಕೊಳ್ಳುತ್ತ ಕೂತಿದ್ದೆ. ಹೇರೋಹಳ್ಳಿಯಲ್ಲಿ ಇಳಿದು, ಪೈಪು ಹಾಕಲು ಅಗೆದು ಹಾಗೇ ಬಿಟ್ಟಿದ್ದ ರಸ್ತೆಯಲ್ಲಿ ಎಡವುತ್ತ ಹೋಗಿ ಅವನ ಸೈಬರ್ ಸೆಂಟರಿನ ಬಾಗಿಲು ತಳ್ಳಿದೆ.

ಅವಳ ಮೇಲ್ ನೋಡುವವರು ನೀವೇನಾ ಎಂದು ಕೇಳಿದರೆ ಅವನು ಗಾಬರಿಯಾಗಲಿಲ್ಲ. ಮೇಜಿನ ಡ್ರಾಯರ್‌ನಿಂದ ಉದ್ದನೆಯ ಒಂದು ನೋಟ್‌ಬುಕ್ ತೆಗೆದು ನನ್ನ ಮುಂದಿಟ್ಟ. ರಟ್ಟಿನ ಮೇಲೆ ಅರಿಶಿನ ಕುಂಕುಮ, ಒಳಗೆ ಪುಟಪುಟದಲ್ಲೂ ಹೆಸರು, ಮೇಲ್ ಐಡಿ, ಪಾಸ್‌ವರ್ಡ್. ಪಿಯುಸಿ ರಿಸಲ್ಟ್ ನೋಡಲು ಬಂದವರು, ಪಿ.ಎಫ್. ಅರ್ಜಿಗೆ ಬಂದವರು, ಕೆಲಸಕ್ಕೆ ಅಪ್ಲಿಕೇಶನ್ ಹಾಕಲು ಬಂದವರು. ಯಾರಿಗೂ ಸ್ವಂತ ಐಡಿ ಇರಲಿಲ್ಲ. ಇವನೇ ಮಾಡಿಕೊಟ್ಟು, ಮರೆತುಬಿಡುತ್ತಾರೆಂದು ಇವನೇ ಬರೆದಿಟ್ಟುಕೊಂಡು, ಇವನೇ ತೆರೆದು ನೋಡಿ, ಏನಾದರೂ ಬಂದಿದ್ದರೆ ಹೇಳಿ ಕಳಿಸುತ್ತಿದ್ದ. ಅದಕ್ಕೆ ದುಡ್ಡನ್ನೂ ಕೇಳುತ್ತಿರಲಿಲ್ಲ. ನಮ್ಮ ಜಾಹೀರಾತು ಕಂಡಾಗ ಆ ಪುಸ್ತಕವನ್ನೇ ಎದುರಿಟ್ಟುಕೊಂಡು ಸಾಲಾಗಿ ತುಂಬಿದ್ದ.

"ಯಾರನ್ನ ಕೇಳಿ ಅವಳ ವಿಳಾಸ ನಮಗೆ ಕೊಟ್ರಿ? ಅವಳ ಪತ್ರ ಎಲ್ಲಿ?" ಎಂದು ಜೋರು ಮಾಡಿದೆ. ಕಂಪ್ಯೂಟರ್ ಮುಂದಿದ್ದವರೆಲ್ಲ ತಿರುಗಿ ನೋಡಿದರು.

ಅವನು ಅವಳ ಐಡಿ ತೆರೆದ. ಇನ್‌ಬಾಕ್ಸ್ ಖಾಲಿ. ಅಳಿಸಿದ್ದೆಲ್ಲ ಬೀಳುವ ಕಸದ ಬುಟ್ಟಿಯನ್ನು ತೆರೆಸಿದೆ. ಮೇಲಿನಿಂದ ಕೆಳಗಿನವರೆಗೆ ನಮ್ಮ ಸೆಂಟರಿನ ಹೆಸರು, ನನ್ನ ಸಬ್ಜೆಕ್ಟ್. ಇಂಟರ್‌ವ್ಯೂ ಕಾಲ್ ಲೆಟರ್. ನಿಮ್ಮ ಕಾಲ್ ಲೆಟರ್ ಬಂದಿದೆ. ಕಾಲ್ ಲೆಟರ್, ಕೂಡಲೇ ತೆರೆಯಿರಿ. ನಡುವೆ ಒಂದು ಮಾತ್ರ ಬ್ಯಾಂಕಿನದು. "ಇಂಟರ್‌ವ್ಯೂ ಕಾಲ್ ಲೆಟರ್" ಎಂದಷ್ಟೇ ಇತ್ತು. ಅದನ್ನು ತೆರೆದೇ ಇರಲಿಲ್ಲ.

"ಮೊದಮೊದಲು ಓಪನ್ ಮಾಡ್ತಿದ್ದೆ ಮೇಡಂ," ಎಂದ ಅವನು. "ಒಂದು ಸಲ ಆ ಹುಡುಗೀನ ಫ್ಯಾಕ್ಟ್ರಿಯಿಂದ ಓಡಿ ಬರೋ ಹಂಗೆ ಮಾಡಿದ್ದೀನಿ, ಲೆಟರ್ ಬಂದೈತೆ ಅಂತ. ನೋಡಿದ್ರೆ ನಿಮ್ಮ ಬ್ಯಾಚು, ನಿಮ್ಮ ಫೀಸು. ಪಾಪ, ಅರ್ಧ ದಿನದ ಸಂಬಳ ಹೋಯ್ತು ಅವಳದ್ದು. ನೂರೈವತ್ತು ಐಡಿಗೂ ದಿನಾ ಇದೇ ಗೋಳು. ಆಮೇಲಾಮೇಲೆ ಕಾಲ್ ಲೆಟರ್ ಅಂತ ಕಂಡ್ರೆ ಸಾಕು, ಟಿಕ್ ಹಾಕಿ ಎಲ್ಲಾ ಒಟ್ಟಿಗೆ ತೆಗೆದುಹಾಕ್ತಿದ್ದೆ. ತಪ್ಪಾಯ್ತು, ಇಲ್ಲ ಅನ್ನಲ್ಲ." ನೋಟ್‌ಬುಕ್ ಮುಚ್ಚುತ್ತ ಕೇಳಿದ, "ಆ ಸಬ್ಜೆಕ್ಟ್ ಬರೆಯೋರು ಯಾರು ಮೇಡಂ, ನಿಮ್ಮಲ್ಲಿ?"

ಅಷ್ಟು ಹೊತ್ತಿಗೆ ಬಾಗಿಲಲ್ಲಿ ಆ ಹುಡುಗಿ ಬಂದು ನಿಂತಿದ್ದಳು. ಶನಿವಾರದ ಶಿಫ್ಟು ಮುಗಿಸಿ ಬಂದವಳು. ದುಪಟ್ಟಾದ ಮೇಲೆ ದಾರದ ಚೂರುಗಳು ಅಂಟಿಕೊಂಡಿದ್ದವು. ದಿನಾ ಬರುವ ಹಾಗೆ, ಪತ್ರ ಬಂದಿದೆಯಾ ಎಂದು ಕೇಳಲು ಬಂದಿದ್ದಳು.

"ಗೊತ್ತಿಲ್ಲ," ಎಂದೆ. "ಅದು ಕಂಪ್ಯೂಟರ್ ತಾನಾಗೇ ಕಳ್ಸುತ್ತೆ."

ಅವಳಿಗೆ ವಿಷಯ ಹೇಳಿದವನು ಅವನೇ, ನನ್ನಿಂದ ಆಗಲಿಲ್ಲ. ಅವಳು ಅಳಲಿಲ್ಲ. ಮುಂದೆ ಬಂದು, ಪರದೆಯ ಮೇಲಿದ್ದ ಪತ್ರವನ್ನು ಒಂದೊಂದೇ ಸಾಲು ಓದಿದಳು. ಕರ್ತೃಪದ, ಕ್ರಿಯಾಪದ ಗುರುತಿಸಲು ನಾನು ಕಲಿಸಿದ ರೀತಿಯಲ್ಲೇ, ತುಟಿ ಅಲ್ಲಾಡಿಸುತ್ತ ಓದಿದಳು. ಓದಿ ಮುಗಿಸಿ, "ಇದನ್ನ ಪ್ರಿಂಟ್ ತಗಿಯಾಕ ಬರ್ತದೇನ್ರಿ ಅಣ್ಣಾ? ಅಪ್ಪಗ ತೋರಸ್ತೀನಿ. ಕರದಿದ್ರು ಅನ್ನೂದರ ಗೊತ್ತಾಗ್ಲಿ," ಎಂದಳು. ಅವನು ಎರಡು ಪ್ರತಿ ತೆಗೆದುಕೊಟ್ಟ, ಅವಳು ಚಿಲ್ಲರೆ ಹುಡುಕುತ್ತಿದ್ದರೆ ಬೇಡ ಎಂದು ಕೈಯಲ್ಲಾಡಿಸಿದ.

ಆಮೇಲೆ ನನ್ನ ಕಡೆ ತಿರುಗಿದಳು. "ನೀವರ ನನಗಂತ ಇಷ್ಟು ದೂರ ಬಂದ್ರಲ್ರಿ ಮೇಡಂ. ಯಾರ್ ಬರ್ತಾರ್ರಿ ಹಿಂಗ?"

ಅವಳು ಕುರ್ಚಿಯೊಂದನ್ನು ಎಳೆದು, ಕಂಪ್ಯೂಟರ್ ಮುಂದೆ ಇಟ್ಟು, ನನ್ನನ್ನು ಕೂರಿಸಿದಳು. "ಹೊಸಾ ಐಡಿ ಒಂದು ಮಾಡಿಕೊಡ್ರಿ. ಇನ್ನ ಮ್ಯಾಲೆ ನನ್ನ ಪತ್ರ ನೀವಾ ನೋಡ್ರಿ, ಬ್ಯಾರೆ ಯಾರೂ ಬ್ಯಾಡ. ಪಾಸ್‌ವರ್ಡೂ ನಿಮ್ಮ ಹತ್ರಾನ ಇರ್ಲಿ."

ಬೇಡ, ನೀನೇ ಇಟ್ಟುಕೊ ಎಂದೆ. ಕೇಳಲಿಲ್ಲ. ಹೆಸರು ತುಂಬಿದೆ, ಹುಟ್ಟಿದ ದಿನ ತುಂಬಿದೆ. ಪಾಸ್‌ವರ್ಡ್ ಏನಿಡಲಿ ಎಂದು ಪರದೆ ನೋಡುತ್ತಲೇ ಕೇಳಿದೆ.

"ನಿಮ್ಮ ಹೆಸರಾ ಇಡ್ರಿ ಮೇಡಂ. ಅದಾದ್ರ ನಾ ಮರಿಯೂದಿಲ್ಲ."

ನನ್ನ ಹೆಸರಿನ ಒಂದೊಂದೇ ಅಕ್ಷರ ಒತ್ತಿದೆ. ಇನ್ನೊಂದು ಸಲ ಒತ್ತಿ ಖಚಿತಪಡಿಸಿ ಎಂದು ಕಂಪ್ಯೂಟರ್ ಕೇಳಿತು. ಒತ್ತಿದೆ.