ಸೀಮೆಕಲ್ಲಿಗೆ ಒಡೆದ ಕಾಯಿ

ನಾನು ಓದಿದ್ದು ಎರಡನೆಯ ಇಯತ್ತೆ. ಅಕ್ಷರ ಡೊಂಕಾಗಿದ್ದರೆ ನಗಬೇಡಿ, ಇಷ್ಟು ಸಂತೋಷವನ್ನು ಬರೆಯದೆ ಇರಲಾಗಲಿಲ್ಲ. ತೊಡೆಯ ಮೇಲೆ ಮೊಮ್ಮಗಳು ಮಲಗಿದ್ದಾಳೆ, ನಮ್ಮ ಮನೆಯಲ್ಲೇ ಹುಟ್ಟಿದವಳು. ಅವಳು ಇಲ್ಲಿ ಹುಟ್ಟಬೇಕಾದರೆ ಬೈಲಹೊಂಗಲದ ಸೀಮೆಯೇ ಸರಿಯಬೇಕಾಯಿತು!

ನಾನು ಸಣ್ಣವನಿದ್ದಾಗ ಊರಿನ ಸೀಮೆಕಲ್ಲು ನಮ್ಮ ನೇಕಾರರ ಓಣಿಯ ತುದಿಯಲ್ಲಿ, ಬಾವಿಯ ಹತ್ತಿರ ಇತ್ತು. ಅಲ್ಲಿಂದಾಚೆ ಬರೀ ಎರೆಹೊಲ. ಓಣಿ ಬೆಳೆಯಿತು, ಕಲ್ಲು ಬೇವಿನ ಮರದ ತನಕ ಹೋಯಿತು. ಆಮೇಲೆ ಮರದಾಚೆ ಹತ್ತಿಯಿಂದ ಬೀಜ ಬಿಡಿಸುವ ಕಾರ್ಖಾನೆ, ಜಿನ್ನು ಬಂತು. ಅದರ ಚಿಮಣಿ, ಬೆಳಗಾಗುತ್ತಲೇ ಕೂಗುವ ಭೋಂಗಾ, ಸುತ್ತಲೂ ಕೆಲಸಗಾರರ ಮನೆಗಳು, ಎಲ್ಲವೂ ಊರ ಸೀಮೆಯ ಹೊರಗೆ. ನನ್ನ ಅಳಿಯ ದುಡಿಯುವುದು ಅದೇ ಜಿನ್ನಿನಲ್ಲಿ. ಮಗಳ ಒಲೆಯ ಹೊಗೆ ನನ್ನ ಮಗ್ಗದ ಕಿಟಕಿಯಿಂದ ಕಾಣುತ್ತಿತ್ತು.

ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ಏಳನೆಯ ತಿಂಗಳಲ್ಲಿ ಕುಬಸ ಮಾಡಿ ಮಗಳನ್ನು ಕರೆತರಬೇಕಿತ್ತು. ಅದೇ ಹೊತ್ತಿಗೆ ನನ್ನ ಹೆಂಡತಿ ಚಳಿಜ್ವರ ಬಂದು ಮಲಗಿಬಿಟ್ಟಳು. ಅವಳು ಎದ್ದು ಓಡಾಡುವಷ್ಟರಲ್ಲಿ ಮಗಳಿಗೆ ಎಂಟು ಹಿಡಿದಿತ್ತು. ನಾವು ಹೋದರೆ ಬೀಗತಿ ಬಾಗಿಲಲ್ಲೇ ತಡೆದರು.

“ಎಂಟು ಹಿಡದ ಮ್ಯಾಲ ಬಸುರಿ ಹೆಂಗಸು ಸೀಮಿ ದಾಟೂದಿಲ್ರಿ ಬೀಗರ. ಬಾಣಂತನ ನಾನಽ ಮಾಡತೇನಿ.”

ಹೆಂಡತಿ ದಾರಿಯುದ್ದಕ್ಕೂ ಅತ್ತಳು. ಕೂಸಿನ ಜೋಲಿಗೆಂದು ನಾನು ನೇಯ್ದಿದ್ದ ಬಟ್ಟೆ ಗೂಟದಲ್ಲೇ ಉಳಿಯಿತು.

ಆ ವಾರವೇ ನೆಲ ಅಳೆಯುವ ಮೋಜಣಿಯವರು ಸರಪಳಿ ಎಳೆಯುತ್ತ ಬಂದರು. ಜಿನ್ನಿನ ಓಣಿಯನ್ನೂ ಊರೊಳಗೆ ಸೇರಿಸುತ್ತಾರಂತೆ! ಬೇವಿನ ಮರದ ಕಲ್ಲನ್ನು ಕಿತ್ತು, ಜಿನ್ನಿನ ಆಚೆ ಹೊಸದನ್ನು ನೆಟ್ಟರು. ನಾನು ಲಾಳಿ ಬಿಟ್ಟು ಬೀಗತಿಯ ಅಂಗಳಕ್ಕೆ ಓಡಿದೆ.

“ಅಕ್ಕಾರ, ಈಗ ನಿಮ್ಮದೂ ನಮ್ಮದೂ ಒಂದಽ ಸೀಮಿ! ಕಳಸ್ರಿ ಮಗಳನ್ನ.”

“ಅದು ಸರಕಾರದ ಕಲ್ಲು, ಮನಿಪಟ್ಟಿ ವಸೂಲಿ ಮಾಡಾಕ ನೆಟ್ಟಾರ. ಅದಕ್ಕ ಯಾರರ ಕಾಯಿ ಒಡದಾರೇನು?”

ಒಡೆದಿರಲಿಲ್ಲ. ಹಳೆಯ ಕಲ್ಲಿಗೆ ನಾವು ಪ್ರತಿ ವರ್ಷ ಅರಿಸಿನ ಹಚ್ಚಿ ಕಾಯಿ ಒಡೆಯುತ್ತಿದ್ದೆವು. ಬೀಗತಿಯ ಮಾತು ಖರೆ ಅನ್ನಿಸಿತು. ಅಲ್ಲಿಂದಲೇ ಅಂಗಡಿಗೆ ಓಡಿದೆ.

ಹೊಸ ಕಲ್ಲಿನ ಬಳಿ ಸರಪಳಿ ಸುತ್ತುತ್ತಿದ್ದ ಮೋಜಣಿ ಸಿಪಾಯಿ ನನ್ನ ಕೈಯಲ್ಲಿದ್ದ ಕಾಯಿ ನೋಡಿ ನಕ್ಕ. “ಅಜ್ಜಾ, ಇದೇನು ದೇವರ?”

“ಅಜ್ಜ ಇನ್ನೂ ಆಗಿಲ್ಲಪಾ. ಆಗಾಕಽ ಬಂದೇನಿ” ಎಂದು ಕಾಯಿ ಒಡೆದೆ.

ನನ್ನ ಹಿಂದೆಯೇ ಬಂದಿದ್ದ ಬೀಗತಿ ಹೋಳು ಎತ್ತಿ ನೋಡಿದರು. ಮಲ್ಲಿಗೆಯಷ್ಟು ಬೆಳ್ಳಗಿತ್ತು. ತಲೆಯ ಮೇಲೆ ಸೆರಗು ಎಳೆದುಕೊಂಡು, ಕಲ್ಲಿಗೆ ತಾವೇ ಕುಂಕುಮ ಹಚ್ಚಿದರು.

“ಈಗ ಸೀಮಿ ಆತು. ಕರಕೊಂಡು ಹೋಗ್ರಿ. ಚಕ್ಕಡಿ ಸಾವಕಾಶ ಹೊಡೀರಿ, ನಿಮಗ ಮೊದಲಽ ಅವಸರ ಭಾಳ.”

ಬೇವಿನ ಮರದ ಹತ್ತಿರ ಹಳೆಯ ಕಲ್ಲು ಕಿತ್ತ ಗುಂಡಿ ಹಾಗೆಯೇ ಇತ್ತು. ಗಾಲಿ ಎಲ್ಲಿ ಕುಲುಕುವುದೋ ಎಂದು ಇಳಿದು, ಕೈಯಿಂದಲೇ ಮಣ್ಣು ತುಂಬಿ ತುಳಿದೆ. ಚಕ್ಕಡಿಯಲ್ಲಿ ಮಗಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಈಗ ಭೋಂಗಾ ಕೂಗಿತು. ಕೂಸು ಏಳಲಿಲ್ಲ, ತುಟಿ ಮಾತ್ರ ಆಡಿಸಿತು. ಜೋಲಿಗೆ ಹಾಕು ಎಂದು ಹೆಂಡತಿ ಆಗಿನಿಂದ ಬಯ್ಯುತ್ತಿದ್ದಾಳೆ. ಇನ್ನೊಂದು ಸ್ವಲ್ಪ ಇರಲಿ.